ವೈನಿಯ ಎಡಗೈ, ನನ್ನ ಬಲಗೈ

ಐವತ್ತು ದಾಟಿದ ಗಂಡಸನ್ನು ನಿನಗೇನು ಇಷ್ಟ ಎಂದು ಯಾರಾದರೂ ಕೇಳಿದರೆ, ಅವನು ಹೇಳಬೇಕಾದ ಉತ್ತರಗಳು ಬಹುಮಟ್ಟಿಗೆ ಗೊತ್ತುಮಾಡಿಟ್ಟಂತಿರುತ್ತವೆ. ಬೆಳಗಿನ ನಡಿಗೆ, ಸಕ್ಕರೆ ಇಲ್ಲದ ಚಹಾ, ಹಳೆಯ ಹಾಡು, ಸಜ್ಜನರ ಸಹವಾಸ. ಬಬಲೇಶ್ವರದ ನಮ್ಮ ಕಚೇರಿಯಲ್ಲಿ ನಾನೂ ಇವನ್ನೇ ಹೇಳಿಕೊಂಡು ಬಂದಿದ್ದೇನೆ. ನಾನು ಬೆಳಗ್ಗೆ ನಡೆಯಲು ಹೋಗುವುದಿಲ್ಲ, ಚಹಾಕ್ಕೆ ಎರಡು ಚಮಚ ಸಕ್ಕರೆ ಬೇಕು, ಸಜ್ಜನರ ಜೊತೆ ಅರ್ಧ ತಾಸು ಕುಳಿತರೆ ಆಕಳಿಕೆ ಬರುತ್ತದೆ. ಅದು ಬೇರೆ ಮಾತು. ಇಷ್ಟು ವರ್ಷ ಬಾಯಿಬಿಡದ ಸತ್ಯವೆಂದರೆ ನನಗೆ ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ಇಷ್ಟ. ಪಗಾರ ಪತ್ರಕ್ಕೆ ಸಹಿ ಹಾಕುವ ಬೆರಳಿನಿಂದಲೇ ಆ ಗುಂಡಿಗಳನ್ನು ಒತ್ತುತ್ತೇನೆಂದು ಗೊತ್ತಾದರೆ ನಮ್ಮ ಜವಾನ ಕೂಡ ನನಗೆ ನಮಸ್ಕಾರ ಮಾಡುವುದನ್ನು ಬಿಟ್ಟಾನು.

ಮೊಬೈಲಿನಲ್ಲಿ ಆಡುವ ಬಣ್ಣಬಣ್ಣದ ಆಟಗಳ ಮಾತಲ್ಲ ಇದು. ನಾನು ಹೇಳುತ್ತಿರುವುದು ನಮ್ಮ ಕಾಲೇಜು ದಿನಗಳಲ್ಲಿ ಬಂದ ಪ್ಲಾಸ್ಟಿಕ್ಕಿನ ಆಟಿಗೆ. ಬಣ್ಣವಿಲ್ಲದ ಸಣ್ಣ ಪರದೆ, ಎಡಗಡೆ ನಾಲ್ಕು ಸಣ್ಣ ಗುಂಡಿ, ಬಲಗಡೆ ಒಂದು ದೊಡ್ಡ ಗುಂಡಿ, ಬೆನ್ನೊಳಗೆ ಪೆನ್ಸಿಲ್ ಸೆಲ್ಲು. ಡಬ್ಬಿಯ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಅಚ್ಚುಹಾಕಿರುತ್ತಿದ್ದರು. ಒಂದು ದಸರೆ ರಜೆಯಿಡೀ ಕುಳಿತು ನಾನು ಎಣಿಸಿದ್ದೇನೆ. ಇದ್ದದ್ದು ಹದಿನಾಲ್ಕು. ಮಿಕ್ಕವೆಲ್ಲ ಅವೇ ಹದಿನಾಲ್ಕು, ಒಮ್ಮೆ ಜೋರಾಗಿ, ಒಮ್ಮೆ ಸಾವಕಾಶವಾಗಿ, ಒಮ್ಮೆ ತಲೆಕೆಳಗಾಗಿ. ಆ ಹದಿನಾಲ್ಕರಲ್ಲಿ ನನಗೆ ಮೆಚ್ಚಿಗೆಯಾದದ್ದು ಕಾರಿನ ಆಟ. ಎದುರು ಬರುವ ಗಾಡಿಗಳಿಂದ ತಪ್ಪಿಸಿಕೊಂಡು ಹೋಗುವುದಷ್ಟೇ ಅದರಲ್ಲಿ ಕೆಲಸ. ವಿಜಯಪುರದ ಸಂತೆಯ ದಿನ ಸೈಕಲ್ ಹೊಡೆದು ಬೆಳೆದವನಿಗೆ ಅದೇನು ಮಹಾ. ತಿಂದಷ್ಟೂ ಉದ್ದವಾಗಿ, ಕೊನೆಗೆ ತನ್ನ ಬಾಲಕ್ಕೇ ಮೂತಿ ತಾಗಿಸಿಕೊಂಡು ಸಾಯುವ ಹಾವಿನ ಆಟವೂ ಚೆನ್ನಾಗಿತ್ತು. ಆದರೆ ಆಟಗಳ ಅರಸು ಎಂದರೆ ಇಟ್ಟಿಗೆಯ ಆಟ. ಮೇಲಿನಿಂದ ತರಾವರಿ ಆಕಾರದ ಇಟ್ಟಿಗೆಗಳು ಬೀಳುತ್ತವೆ. ಎಡಗಡೆಯ ಗುಂಡಿಗಳಿಂದ ಅವನ್ನು ಆಚೀಚೆ ಸರಿಸಬೇಕು, ಬಲಗಡೆಯ ದೊಡ್ಡ ಗುಂಡಿಯಿಂದ ತಿರುಗಿಸಬೇಕು, ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗುತ್ತದೆ. ನಡುವೆ ಸಂದು ಬಿಟ್ಟರೆ ರಾಶಿ ಏರುತ್ತಾ ಹೋಗಿ ಮೇಲಕ್ಕೆ ಮುಟ್ಟಿ ಆಟ ಮುಗಿಯುತ್ತದೆ. ಆ ಆಟ ನನಗೆ ಬರುತ್ತಿರಲಿಲ್ಲ. ನಮ್ಮ ವೈನಿಗೆ ಬರುತ್ತಿತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಶಾಂತವ್ವ. ಕಳ್ಳಕವಟಗಿಯ ಒಕ್ಕಲು ಮನೆಯವರು, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು. ನನ್ನ ಅಣ್ಣನಿಗೆ ಗೋಳಗುಮ್ಮಟದ ಹತ್ತಿರ ಒಂದು ಅಂಗಡಿ ಇತ್ತು. ಗುಮ್ಮಟ ನೋಡಲು ಬಂದವರು ಕೊಳ್ಳುವಂಥ ಟೊಪ್ಪಿಗೆ, ಕರಿ ಕನ್ನಡಕ, ಪುಟಾಣಿ ಗುಮ್ಮಟ ತೂಗುಬಿಟ್ಟ ಕೀಲಿ ಗೊಂಚಲು, ಮಕ್ಕಳ ಆಟಿಗೆ. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ನಾನು ಅವರ ಮನೆಯಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೆ. ಮಧ್ಯಾಹ್ನ ಅಣ್ಣನಿಗೆ ವೈನಿ ಬುತ್ತಿ ತರುತ್ತಿದ್ದರು. ಅಣ್ಣ ಉಂಡು, ಮನೆಗೆ ಹೋಗಿ ಎರಡು ತಾಸು ಅಡ್ಡಾಗುತ್ತಿದ್ದ. ಆ ಎರಡು ತಾಸು ದುಡ್ಡಿನ ಗಲ್ಲೆಯ ಮೇಲೆ ವೈನಿ. ಬಿಸಿಲಿಗೆ ಗಿರಾಕಿ ಕಡಿಮೆ. ನೋಡಲಿಕ್ಕೆಂದು ಬಿಚ್ಚಿಟ್ಟ ಆಟಿಗೆಯೊಂದು ಗಾಜಿನ ಮೇಲೆ ಇರುತ್ತಿತ್ತು. ವೈನಿ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅದನ್ನು ಕೈಗೆತ್ತಿಕೊಳ್ಳುತ್ತಿದ್ದರು.

ಕಾಲೇಜು ಮುಗಿಸಿ ನಾನು ಅಂಗಡಿಗೆ ಬರುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಅವರ ಅಂಕ ನಿಂತಿರುತ್ತಿತ್ತು. ನಾನು ಅದನ್ನು ಮೀರಲು ನೋಡುತ್ತಿದ್ದೆ. ಮೀರುವುದಿರಲಿ, ಅರ್ಧದ ಹತ್ತಿರವೂ ಹೋಗುತ್ತಿರಲಿಲ್ಲ. ಹ್ಯಾಂಗ ಆಡ್ತೀರಿ ವೈನಿ ಎಂದು ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ. ತವರಿನಲ್ಲಿ ಜೋಳದ ಕಣಿಕೆಯ ಬಣವಿ ಒಟ್ಟುತ್ತಿದ್ದರಂತೆ. ಕಟ್ಟಿದ ಸೂಡುಗಳ ನಡುವೆ ಸಂದು ಬಿಟ್ಟರೆ ಮಳೆನೀರು ಇಳಿದು ಇಡೀ ಬಣವಿ ಕೊಳೆಯುತ್ತದೆ, ಅದಕ್ಕೆ ಕೈಗೆ ಬಂದ ಸೂಡನ್ನು ನೋಡುವ ಮೊದಲು ಕೆಳಗಿನ ಸಂದು ನೋಡಬೇಕು ಎಂದರು. ನಾನು ಅಂಕಗಣಿತ ಓದಿದವನು. ಬಣವಿ ಒಟ್ಟಿದವರ ಮುಂದೆ ಸೋಲುತ್ತಿದ್ದೇನೆ ಎನ್ನುವುದು ನನ್ನ ಹೊಟ್ಟೆಯಲ್ಲಿ ಸಣ್ಣ ಮುಳ್ಳಿನಂತೆ ಕುಳಿತಿತ್ತು.

ಒಂದು ದಿನ ರಾತ್ರಿ ಊಟದ ಹೊತ್ತಿಗೆ ಅಣ್ಣ ಈಚೀಚೆಗೆ ಮಧ್ಯಾಹ್ನ ಏನೂ ಮಾರಾಟವಾಗುತ್ತಿಲ್ಲ ಎಂದ. ವೈನಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ನಗುತ್ತಾ, ಕೇವಲ ತಮಾಷೆಗೆ ಎನ್ನುವಂತೆ, ವೈನಿ ಆಟದಾಗ ಮುಳುಗಿದರೆ ಗಿರಾಕಿ ಬಂದು ನಿಂತರೂ ಕಾಣುವುದಿಲ್ಲ ಎಂದೆ. ಸುಳ್ಳು ಅದು. ಗಿರಾಕಿ ಬಂದರೆ ವೈನಿ ಆಟವನ್ನು ಅಲ್ಲೇ ಬಿಟ್ಟು ಏಳುತ್ತಿದ್ದರು. ಮರಾಠಿಯವರ ಹತ್ತಿರ ಮರಾಠಿ, ಹಿಂದಿಯವರ ಹತ್ತಿರ ಹರಕು ಹಿಂದಿ ಆಡಿ, ಒಂದು ಟೊಪ್ಪಿಗೆ ಕೇಳಿದವರ ತಲೆಗೆ ಎರಡು ಹಾಕಿ ಕಳಿಸುತ್ತಿದ್ದರು. ನನಗೆ ಅದೆಲ್ಲ ಗೊತ್ತಿತ್ತು. ಅಣ್ಣ ರೊಟ್ಟಿ ಮುರಿದು ತಿಂದ.

ಮರುದಿನ ನಾನು ಅಂಗಡಿಗೆ ಹೋದಾಗ ಅಣ್ಣ ಮಲಗಲು ಹೋಗದೆ ಅಲ್ಲೇ ಇದ್ದ. ಪಕ್ಕದ ಅಂಗಡಿಯವರಿಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಅಣ್ಣ ವೈನಿಯ ಕೈಯಿಂದ ಆಟಿಗೆ ತೆಗೆದುಕೊಂಡು, ಕಪಾಟಿನೊಳಗಿಟ್ಟು ಬಾಗಿಲು ಹಾಕಿ, "ನಾಳಿಂದ ನೀ ಮನ್ಯಾಗ ಇರು. ಅಂಗಡಿ ನಾ ನೋಡ್ಕೋತೇನಿ," ಎಂದ. ಕೂಗಲಿಲ್ಲ. ನನ್ನ ಅಣ್ಣ ಕೆಟ್ಟವನಲ್ಲ, ನಾಲ್ಕು ಜನರ ಎದುರಿಗೆ ತಾನು ಬಿಗಿಯಾಗಿ ಕಾಣಬೇಕು ಎನ್ನುವ ಒಂದು ದೌರ್ಬಲ್ಯ ಅವನಿಗಿತ್ತು, ಅಷ್ಟೆ. ಕಟ್ಟೆಯ ಮೇಲಿದ್ದವರು ಬೇರೆ ಕಡೆ ನೋಡಿದರು. ವೈನಿ ಖಾಲಿ ಬುತ್ತಿಯ ಡಬ್ಬಿ ಎತ್ತಿಕೊಂಡು ನನ್ನ ಪಕ್ಕದಿಂದ ಹಾದು ಹೋದರು. ನನ್ನ ಮುಖ ನೋಡಲಿಲ್ಲ. ಆ ಮೇಲೆ ಅವರು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬುತ್ತಿ ಒಯ್ಯುವ ಕೆಲಸ ನನಗೆ ಬಿತ್ತು. ಬಿ.ಕಾಂ. ಮುಗಿಯುವವರೆಗೆ ದಿನಾ ಆ ಡಬ್ಬಿ ಹೊತ್ತೆ, ಬಿಸಿಲಲ್ಲಿ ಇದೆಂಥ ಕಾಟ ಎಂದು ಗೊಣಗುತ್ತಾ ಹೊತ್ತೆ. ಕಪಾಟಿನಲ್ಲಿ ಇಟ್ಟದ್ದು ಒಂದು ಆಟಿಗೆ ಮಾತ್ರ ಎಂದುಕೊಂಡಿದ್ದೆ. ದೂರದೂರಿನವರನ್ನು ನೋಡಿ ನಾಲ್ಕು ಮಾತಾಡುವ ಅವರ ಆ ಎರಡು ತಾಸನ್ನೂ ಅದರ ಜೊತೆಗೇ ಇಟ್ಟು ಅಣ್ಣ ಬಾಗಿಲು ಹಾಕಿದ್ದ ಎನ್ನುವುದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ವರ್ಷಗಳು ಹೋದವು. ನನಗೆ ಬಬಲೇಶ್ವರದಲ್ಲಿ ನೌಕರಿಯಾಯಿತು, ಸುವರ್ಣಾಳೊಂದಿಗೆ ಮದುವೆಯಾಯಿತು. ವೈನಿಯ ಒಬ್ಬಳೇ ಮಗಳು ಸವಿತಾ ಟೀಚರಾಗಿ ತಿಕೋಟಾದಲ್ಲಿ ಸಂಸಾರ ಹೂಡಿದಳು. ಅಣ್ಣ ಹೃದಯದ ಕಾಯಿಲೆಯಿಂದ ತೀರಿಕೊಂಡ. ಅಂಗಡಿ ಬೇರೆಯವರ ಕೈ ಸೇರಿತು. ಈ ವರ್ಷ ಯುಗಾದಿಗೆ ಮುಂಚೆ ವೈನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಆಸ್ಪತ್ರೆಯ ವರಾಂಡದಲ್ಲಿ ಸವಿತಾ, ಸಾಲಿಗೆ ರಜೆ ಎಷ್ಟಂತ ಹಾಕಲಿ ಕಾಕಾ ಎಂದು ಅಳುತ್ತಿದ್ದಾಗ ನಾನು ಎದೆಯುಬ್ಬಿಸಿ, ವೈನಿ ನಮ್ಮ ಮನೆಯಲ್ಲಿರಲಿ ಎಂದುಬಿಟ್ಟೆ. ಹೀಗೆ ಘೋಷಣೆ ಮಾಡುವ ಮೊದಲು ಹೆಂಡತಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಸುವರ್ಣಾ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮನೆಗೆ ಹೋಗಿ, ಪಡಸಾಲೆಯಲ್ಲಿ ಗಾಳಿ ಬರುವ ಕಡೆಗೆ ಮಂಚ ಸರಿಸಿ ಹಾಸಿಗೆ ಹಾಸಿದವಳೂ ಅವಳೇ.

ಎರಡು ತಿಂಗಳಿಗೆ ವೈನಿಗೆ ಮೂರು ಮಾತು ಮರಳಿದವು. ಹೂಂ, ಬ್ಯಾಡ, ಸವಿತಾ. ಮೊದಲ ಎರಡು ಸರಿಯಾದ ಜಾಗದಲ್ಲೇ ಬರುತ್ತಿದ್ದವು. ಮೂರನೆಯದು ಎಲ್ಲರಿಗೂ ಸಲ್ಲುತ್ತಿತ್ತು. ಸುವರ್ಣಾ ಸವಿತಾ, ಹಾಲಿನವನು ಸವಿತಾ, ಮೀಸೆ ಬಿಟ್ಟ ನಾನೂ ಸವಿತಾ. ಒಮ್ಮೆ ನಮ್ಮ ಸಾಹೇಬರು ಸೌಜನ್ಯಕ್ಕೆಂದು ನೋಡಲು ಬಂದಾಗ ಅವರನ್ನೂ ಸವಿತಾ ಎಂದು ಕರೆದರು. ಅವರು ಗಂಭೀರವಾಗಿ ಕೈಮುಗಿದರು. ಅಂದಿನಿಂದ ಸವಿತಾ ಎಂದರೆ ಓ ಎನ್ನುವುದು ನನಗೆ ರೂಢಿಯಾಯಿತು. ನಿಜವಾದ ಸವಿತಾ ಭಾನುವಾರ ಬಂದಾಗಲೂ ನಾನೇ ಮೊದಲು ಓಗೊಡುತ್ತಿದ್ದೆ.

ವ್ಯಾಯಾಮ ಮಾಡಿಸಲು ವಿಜಯಪುರದಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರಮ್ಮ, ಇವರ ಕೈಗೂ ತಲೆಗೂ ಕೂಡಿ ಏನಾದರೂ ಕೆಲಸ ಕೊಡಿ, ಸುಮ್ಮನೆ ಬಿಟ್ಟರೆ ಒಳಗಿನಿಂದ ಮುಚ್ಚಿಕೊಂಡುಬಿಡುತ್ತಾರೆ ಎಂದರು. ಸ್ಪಂಜಿನ ಚೆಂಡು ಕೊಟ್ಟೆವು. ಹುಣಸೆ ಬೀಜ ಕೊಟ್ಟು ಎಣಿಸಿರಿ ಎಂದೆವು. ವೈನಿ ಬ್ಯಾಡ ಎಂದು ಗೋಡೆಯ ಕಡೆ ಮುಖ ಮಾಡಿದರು. ಆಗ ನನಗೆ ಆ ಆಟಿಗೆ ನೆನಪಾಯಿತು. ಗೋಳಗುಮ್ಮಟದ ಸುತ್ತಲ ಅಂಗಡಿಗಳನ್ನೆಲ್ಲ ಕೇಳಿದೆ. ಅಣ್ಣನ ಅಂಗಡಿಯಿದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಿದ್ದವನು, ಅವೆಲ್ಲಾ ಈಗ ಯಾರ್ ಆಡ್ತಾರ್ರಿ ಸರ್ ಎಂದು ನಕ್ಕ. ಕೊನೆಗೆ ಸವಿತಾ ಮೊಬೈಲಿನಲ್ಲೇ ಹುಡುಕಿ ತರಿಸಿಕೊಟ್ಟಳು. ಅದೇ ಹಳದಿ ಬಣ್ಣ, ಅದೇ ಐದು ಗುಂಡಿ. ಡಬ್ಬಿಯ ಮೇಲೆ ಈಗಲೂ ಅದೇ ಒಂಬತ್ತು ಸಾವಿರ ಚಿಲ್ಲರೆ ಆಟಗಳು. ಜಗತ್ತು ಇಷ್ಟು ಮುಂದುವರಿದರೂ ಸುಳ್ಳಿನಲ್ಲಿ ಒಂದು ಅಂಕೆಯನ್ನೂ ಏರಿಸದ ಆ ಕಂಪನಿಯವರ ಸಂಯಮ ನನಗೆ ಮೆಚ್ಚಿಗೆಯಾಯಿತು.

ಅದನ್ನು ವೈನಿಯ ಎಡಗೈಗೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಗುಚಿ, ಪರದೆ ಕೆಳಗಾಗುವಂತೆ ಹಾಸಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಗುರುತು ಸಿಗಲಿಲ್ಲ ಪಾಪ ಎಂದಳು ಸುವರ್ಣಾ. ಗುರುತು ಸಿಕ್ಕಿದೆ ಎನ್ನುವುದು ನನಗೆ ಗೊತ್ತಾಗಿತ್ತು. ಆ ಮಧ್ಯಾಹ್ನ ಕಚೇರಿಯಲ್ಲಿ ಒಂದೇ ಪತ್ರವನ್ನು ಮೂರು ಸಲ ತಪ್ಪು ಬರೆದೆ.

ನಾಲ್ಕು ದಿನ ಅದು ಹಾಗೇ ಬಿದ್ದಿತ್ತು. ಐದನೆಯ ದಿನ ಊಟಕ್ಕೆ ಮನೆಗೆ ಬಂದವನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ನಾನೇ ಆಡತೊಡಗಿದೆ. ಬೇಕೆಂದೇ ಕೆಟ್ಟದಾಗಿ ಆಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನನಗೆ ಬರುವುದೇ ಅಷ್ಟು. ಇಟ್ಟಿಗೆಗಳು ಎಲ್ಲೆಂದರಲ್ಲಿ ಕುಳಿತವು. ಉದ್ದನೆಯ ಒಂದು ಇಟ್ಟಿಗೆ ಇಳಿಯುತ್ತಿತ್ತು, ಎಡ ಮೂಲೆಯಲ್ಲಿ ಅದಕ್ಕೆಂದೇ ಮಾಡಿಟ್ಟಂಥ ಸಂದಿತ್ತು, ನಾನು ಅದನ್ನು ಬಲಕ್ಕೆ ಒಯ್ಯುತ್ತಿದ್ದೆ. ಹೊದಿಕೆಯೊಳಗಿನಿಂದ ವೈನಿಯ ಎಡಗೈ ಬಂತು. ನನ್ನ ಹೆಬ್ಬೆರಳನ್ನು ಸರಿಸಿ, ಎಡದ ಗುಂಡಿಯನ್ನು ನಾಲ್ಕು ಸಲ ಒತ್ತಿತು. ಇಟ್ಟಿಗೆ ಸಂದಿಯ ಮೇಲೆ ಅಡ್ಡವಾಗಿ ನಿಂತಿತು. ತಿರುಗಿಸುವ ಗುಂಡಿ ಬಲಗಡೆಗಿತ್ತು. ಅವರ ಬಲಗೈ ತಲೆದಿಂಬಿನ ಮೇಲೆ ಸುಮ್ಮನೆ ಮಲಗಿತ್ತು. ಅವರು ನನ್ನ ಕಡೆ ನೋಡಿದರು, ತುಟಿ ಅಲುಗಿದವು, ಕುತ್ತಿಗೆಯ ನರ ಬಿಗಿಯಿತು. "ತಿರಗಸು," ಎಂದರು.

ತಿರುಗಿಸಿದೆ. ಇಟ್ಟಿಗೆ ಇಳಿದು ಕುಳಿತಿತು. ನಾಲ್ಕು ಸಾಲು ಒಮ್ಮೆಲೇ ಮಾಯವಾದವು.

ಅಂದಿನಿಂದ ಅದು ನಮ್ಮ ದಿನಚರಿ. ಒಂದು ಆಟಿಗೆ, ಎರಡು ಜನ. ಎಡಬದಿ ವೈನಿಯದು, ಬಲಬದಿ ನನ್ನದು. ಅವರ ಮನೆಯಲ್ಲಿ ಮೂರು ವರ್ಷ ಉಂಡರೂ ನಾನು ಅವರ ಪಕ್ಕ ಭುಜಕ್ಕೆ ಭುಜ ತಾಗಿಸಿ ಕುಳಿತವನಲ್ಲ. ಆಗಿನ ಮರ್ಯಾದೆಯೇ ಹಾಗಿತ್ತು. ಈಗ ಇಬ್ಬರೂ ಒಂದೇ ದಿಂಬಿಗೆ ಒರಗಿ ಅಂಗೈಯಗಲದ ಪರದೆಯನ್ನು ದಿಟ್ಟಿಸುತ್ತಿದ್ದೆವು. ಸರಿಸುವುದು ಎಲ್ಲಿಗೆ ಎನ್ನುವುದು ಅವರ ತೀರ್ಮಾನ. ತಿರುಗಿಸುವುದು ಅವರ ಅಪ್ಪಣೆಯ ಮೇಲೆ ನಾನು. ಅಪ್ಪಣೆಯಿಲ್ಲದೆ ತಿರುಗಿಸಿದರೆ ಬ್ಯಾಡ ಎಂದು ಗದರುತ್ತಿದ್ದರು. ಕಚೇರಿಗೆ ಹೋಗುವುದು ದಿನಾ ಹತ್ತು ನಿಮಿಷ ತಡವಾಗುತ್ತಿತ್ತು. ವೈನಿಗೆ ವ್ಯಾಯಾಮ ಮಾಡಿಸಿ ಬಂದೆ ಎನ್ನುತ್ತಿದ್ದೆ. ಎಂಥ ಮೈದುನ ಎಂದು ಅಲ್ಲಿಯವರು ಕೊಂಡಾಡುತ್ತಿದ್ದರು, ನಾನು ತಲೆತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಹೊಸದಾಗಿ ಬಂದ ಆ ಮಾತನ್ನು ವೈನಿ ಎಲ್ಲದಕ್ಕೂ ಬಳಸತೊಡಗಿದರು. ಮಗ್ಗುಲು ಬದಲಿಸಬೇಕಾದರೆ ತಿರಗಸು. ಫ್ಯಾನಿನ ಗಾಳಿ ಬೇಕಾದರೆ ತಿರಗಸು. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂದರೆ ಮಂಚದಿಂದಲೇ, ತಿರಗಸು. ಸುವರ್ಣಾ ಓಡಿ ಹೋಗಿ ರೊಟ್ಟಿ ತಿರುವಿಹಾಕುತ್ತಿದ್ದಳು. ಡಾಕ್ಟರಮ್ಮ ಇದನ್ನು ಕೇಳಿ, ಕ್ರಿಯಾಪದ ಬಂತೆಂದರೆ ಮಾತು ಬರುವ ಲಕ್ಷಣ ಎಂದು ಹೇಳಿ ಹೋದರು. ಅಂದು ಸಂಜೆ ಸವಿತಾ ಫೋನಿನಲ್ಲಿ ಬಹಳ ಹೊತ್ತು ಅತ್ತಳು.

ನನಗೆ ಆ ಖುಷಿಯಲ್ಲಿ ಪೂರ್ತಿ ಪಾಲು ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಸುವರ್ಣಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಆಟ ಚೆನ್ನಾಗಿ ನಡೆದಿತ್ತು. ಮಾತು ಬರದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ ಎನ್ನುವ ಹೇಡಿ ಲೆಕ್ಕಾಚಾರವೂ ನನ್ನಲ್ಲಿತ್ತು, ಮುಚ್ಚಿಡುವುದಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದೆ.

"ವೈನಿ, ಅವತ್ತ ಅಣ್ಣಗ ಹೇಳಿದಾಂವ ನಾನ. ಗಿರಾಕಿ ನೋಡಂಗಿಲ್ಲ ಅಂತ ಸುಳ್ಳ ಹೇಳಿದ್ದೆ."

ವೈನಿಯ ಬೆರಳು ನಿಲ್ಲಲಿಲ್ಲ. ಇಳಿಯುತ್ತಿದ್ದ ಇಟ್ಟಿಗೆಯನ್ನು ಎರಡು ಮನೆ ಎಡಕ್ಕೆ ಸರಿಸಿದರು.

"ಗೊತ್ತೈತಿ, ಸವಿತಾ," ಎಂದರು. ಸ್ವಲ್ಪ ತಡೆದು, "ತಿರಗಸು."

ತಿರುಗಿಸಿದೆ. ಗೊತ್ತೈತಿ ಎನ್ನುವುದು ಹೊಸ ಮಾತು. ಲಕ್ವಾ ಹೊಡೆದ ಮೇಲೆ ಅವರ ಬಾಯಲ್ಲಿ ಮೊದಲ ಸಲ ಬಂದದ್ದು. ಡಾಕ್ಟರಮ್ಮನಿಗೆ ಹೇಳಬೇಕಾದ ಸುದ್ದಿ. ಹೇಳಲಿಲ್ಲ. ಗೊತ್ತಿದೆ ಎಂದರೆ ಕ್ಷಮಿಸಿದ್ದೇನೆ ಎಂದೇ? ಮರೆತಿಲ್ಲ ಎಂದೇ? ಅಥವಾ ಆಟ ಆಡುವಾಗ ತಲೆ ತಿನ್ನಬೇಡ ಎಂದೇ? ಅಷ್ಟಕ್ಕೂ ಅವರು ಹೇಳಿದ್ದು ಸವಿತಾಳಿಗೆ. ಮೂವತ್ತು ವರ್ಷ ಹೊತ್ತುಕೊಂಡಿದ್ದನ್ನು ಕೊನೆಗೂ ಇಳಿಸಿದರೆ, ರಸೀತಿ ಬೇರೆಯವರ ಹೆಸರಿನಲ್ಲಿ ಸಿಕ್ಕಿತ್ತು.

ತಡೆಯಲಾರದೆ ಸುವರ್ಣಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಆಶ್ಚರ್ಯಪಡಲಿಲ್ಲ. ನಮ್ಮ ಮದುವೆಯಾದ ವರ್ಷವೇ ವೈನಿ ಅವಳಿಗೆ ಇದನ್ನು ಹೇಳಿದ್ದರಂತೆ. ಅಂದು ಒಲೆಯ ಮುಂದೆ ಕುಳಿತಾಗ ನನ್ನ ಮಾತು ಪೂರ್ತಿ ಕೇಳಿಸಿತ್ತಂತೆ. ಅಣ್ಣನ ಮನೆಯ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಇದ್ದದ್ದು ಒಂದು ಮೊಣಕಾಲೆತ್ತರದ ಗೋಡೆ ಎನ್ನುವುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

"ನನಗ ಯಾಕ ಹೇಳಲಿಲ್ಲ ನೀ?" ಎಂದೆ.

"ಹೇಳಬ್ಯಾಡ ಅಂದಿದ್ರು ಅಕ್ಕಾರು. 'ಅವಗ ಸೋಲಾಕ ಬರೂದಿಲ್ಲ, ಸುವರ್ಣಾ, ಅಷ್ಟ. ಜ್ವಾಕಿ ನೋಡ್ಕೋ' ಅಂದ್ರು," ಎಂದು ನನ್ನ ಅಂಗಿಯ ತೋಳನ್ನು ಒಳಕ್ಕೆ ಮಡಚಿದಳು.

ಗೊತ್ತಿದ್ದೂ ಅವರು ನನಗೆ ದಿನಾ ಬಿಸಿ ರೊಟ್ಟಿ ಹಾಕಿದ್ದರು. ಪರೀಕ್ಷೆಯ ದಿನ ಹಣೆಗೆ ವಿಭೂತಿ ಹಚ್ಚಿ ಕಳಿಸಿದ್ದರು. ನೌಕರಿಯ ಆದೇಶ ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಆ ದಿನಗಳನ್ನೆಲ್ಲ ಒಂದೊಂದಾಗಿ ಮತ್ತೆ ನೋಡಬೇಕಾಯಿತು ನನಗೆ. ಬಟ್ಟೆಯ ರಾಶಿಯ ಪಕ್ಕದಲ್ಲೇ ಕುಳಿತುಬಿಟ್ಟೆ. ಸುವರ್ಣಾ ನನ್ನ ಕೈಗೊಂದು ಟವೆಲು ಕೊಟ್ಟಳು, ಮಡಚಲಿಕ್ಕೋ ಕಣ್ಣೊರೆಸಿಕೊಳ್ಳಲಿಕ್ಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಆಮೇಲೂ ನಾವು ಆಡಿದೆವು. ಕಾರ ಹುಣ್ಣಿಮೆ ಹೋಯಿತು, ನಾಗರ ಪಂಚಮಿ ಹೋಯಿತು. ವೈನಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟಾದರು. ಮಾತು ಏಳೆಂಟಕ್ಕೆ ಏರಿತು. ನನ್ನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಬರಲಿಲ್ಲ. ಶ್ರಾವಣ ಮುಗಿದ ವಾರ ಒಂದು ಬೆಳಗ್ಗೆ ಸುವರ್ಣಾ ಚಹಾ ಒಯ್ದಾಗ ಅವರು ಏಳಲಿಲ್ಲ. ನಿದ್ದೆಯಲ್ಲೇ ಇನ್ನೊಂದು ಸಲ ಹೊಡೆದಿರಬೇಕು ಎಂದರು ಡಾಕ್ಟರು. ಹಿಂದಿನ ದಿನ ನಾವು ಆಡಿದ್ದೆವು. ಎಷ್ಟಾಗಿತ್ತು, ಹೇಗೆ ಮುಗಿಯಿತು, ಅವರು ಕೊನೆಗೆ ಏನಂದರು ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಏನೂ ನೆನಪಾಗುವುದಿಲ್ಲ. ಎಲ್ಲ ದಿನಗಳಂತೆಯೇ ಇತ್ತು ಆ ದಿನ. ಕಚೇರಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೋಗಿರಬೇಕು ನಾನು.

ಕಳ್ಳಕವಟಗಿಯಿಂದ ತವರಿನವರು ಬಂದರು. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಯಾರೋ ಸವಿತಾ ಎಂದು ಕರೆದರು. ನಾನು ಓ ಎಂದೆ. ಸವಿತಾ ನನ್ನ ಮುಖ ನೋಡಿದಳು. ಹತ್ತಿರ ಬಂದು ನನ್ನ ಭುಜಕ್ಕೆ ತಲೆಯಿಟ್ಟು ನಿಂತಳು. ದಿನಕರ್ಮಗಳೆಲ್ಲ ಮುಗಿದ ಮೇಲೆ ತಾಯಿಯ ಸೀರೆ, ಕನ್ನಡಕ, ಔಷಧದ ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಆಟಿಗೆಯನ್ನು ನನ್ನ ಮುಂದೆ ಹಿಡಿದು, "ಇದು ನಿಮ್ದು ಕಾಕಾ, ನೀವ ಇಟ್ಕೋರಿ," ಎಂದಳು.

ತಿಂಗಳೊಪ್ಪತ್ತು ಅದನ್ನು ಮುಟ್ಟಲಿಲ್ಲ. ಮೊನ್ನೆ ಭಾನುವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಒಬ್ಬನೇ ಕುಳಿತು ಕೈಗೆತ್ತಿಕೊಂಡೆ. ಈಗ ಎರಡೂ ಬದಿ ನನ್ನವೇ. ಮೊದಲ ಇಟ್ಟಿಗೆ ಇಳಿಯತೊಡಗಿತು. ಬಲ ಹೆಬ್ಬೆರಳು ಗುಂಡಿಯ ಮೇಲೆ ಅಪ್ಪಣೆಗೆ ಕಾಯುತ್ತಾ ಕುಳಿತಿತು. ಎಡಗೈ ಆಟಿಗೆಯನ್ನು ಹಿಡಿದುಕೊಂಡಿತ್ತೇ ಹೊರತು, ತನಗೇನೂ ಸಂಬಂಧವಿಲ್ಲ ಎನ್ನುವಂತೆ ಸುಮ್ಮನಿತ್ತು. ಇಟ್ಟಿಗೆ ನಡುಮಧ್ಯೆ ಬಿದ್ದು ಕುಳಿತಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ನನಗೆ ಲಕ್ವಾ ಹೊಡೆದಿಲ್ಲ, ದೇವರ ದಯೆಯಿಂದ ಎರಡೂ ಕೈ ನೆಟ್ಟಗಿವೆ, ಆದರೂ ಒಂದು ಸಾಲೂ ತುಂಬಲಿಲ್ಲ. ಮತ್ತೆ ಶುರು ಮಾಡಿದೆ. ಈ ಸಲ ಎಡಗೈಯನ್ನು ಜುಲುಮೆಯಿಂದ ದುಡಿಸಿ, ಹೇಗೋ ಮೂರು ಸಾಲು ತುಂಬಿದೆ. ಅಷ್ಟರಲ್ಲಿ ರಾಶಿ ಮೇಲಕ್ಕೆ ಮುಟ್ಟಿ, ಸೋತವರಿಗೆಂದು ಅದು ಬಾರಿಸುವ ಒಂದು ದರಿದ್ರ ರಾಗ ಇಡೀ ಪಡಸಾಲೆಗೆ ಕೇಳುವಂತೆ ಬಾರಿಸಿತು.

ಒಳಗಿನಿಂದ ಸುವರ್ಣಾ, ಎಷ್ಟಾತ್ರಿ ಎಂದು ಕೇಳಿದಳು.

ಆಗಿದ್ದದ್ದು ಮುನ್ನೂರು. ಒಂಬೈನೂರು ಎಂದೆ.